ಹಸುಗೆ ಲಾಕ್‌ಡೌನ್ ಗೊತ್ತಾಗುತ್ತಾ?

ಸೊಳ್ಳೆಗೂ ಗಣಿತಕ್ಕೂ ನಂಟು ಹಾಕಿದ ರೊನಾಲ್ಡ್ ರಾಸ್ 1883ರಲ್ಲಿ ನಮ್ಮ ಬೆಂಗಳೂರಲ್ಲೇ ಮಿಲಿಟರಿ ಡಾಕ್ಟರ್ ಆಗಿದ್ದ. ನಿಂತ ನೀರು ಇಲ್ಲದಂತೆ ನೋಡಿಕೊಂಡರೆ ಸೊಳ್ಳೆ ಕಮ್ಮಿ ಮಾಡಬಹುದು ಅಂತ ಅವನಿಗೆ ಹೊಳೆದದ್ದು ಇಲ್ಲೇ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡ, 1902ರಲ್ಲಿ ನೊಬೆಲ್ ಪಡೆದ. ನನಗೆ ಹಿಡಿಸೋದು ಅವನು ಆಮೇಲೆ ಹಾಕಿದ ಲೆಕ್ಕ: ಮಲೇರಿಯಾ ಹೋಗಲು ಕೊನೆಯ ಸೊಳ್ಳೆಯವರೆಗೂ ಕೊಲ್ಲಬೇಕಿಲ್ಲ. ಒಂದು ಮಿತಿಗಿಂತ ಕೆಳಗಿಳಿಸಿದರೆ ಸಾಕು, ರೋಗ ತಾನಾಗೇ ಸೊರಗುತ್ತೆ.

1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಇದೇ ದಾರಿಯಲ್ಲಿ ಇನ್ನಷ್ಟು ಮುಂದೆ ಹೋದರು. ಇಡೀ ಊರನ್ನು ಮೂರು ಡಬ್ಬಿಗೆ ಹಂಚಿದರು: ರೋಗ ತಗುಲಬಹುದಾದವರು, ತಗುಲಿದವರು, ಮುಗಿದವರು. 1905-06ರ ಮುಂಬಯಿ ಪ್ಲೇಗಿನ ಸಾವಿನ ಲೆಕ್ಕದ ಪಕ್ಕ ತಮ್ಮ ಸಮೀಕರಣದ ಗೆರೆ ಇಟ್ಟು ನೋಡಿದರು, ಹೆಚ್ಚುಕಮ್ಮಿ ಕೂತಿತು. ಆದರೆ ಆ ಮೂರನೇ ಡಬ್ಬಿಯನ್ನ ಸ್ವಲ್ಪ ಗಮನಿಸಿ. ಗುಣವಾದವರೂ ಸತ್ತವರೂ ಅಲ್ಲಿ ಒಟ್ಟಿಗೇ ಇರ್ತಾರೆ. ಇಬ್ಬರಿಂದಲೂ ರೋಗ ಇನ್ನು ಹರಡಲ್ಲ, ಸಮೀಕರಣಕ್ಕೆ ಅಷ್ಟೇ ಸಾಕು.

2020ರಲ್ಲಿ ಮನೆಯಲ್ಲೇ ಕೂತು ನಾನೂ ಈ ಮಾಡೆಲ್ಲನ್ನ ಪೈಥಾನ್‌ನಲ್ಲಿ ಬರೆದೆ. ನಲವತ್ತು ಸಾಲೂ ಆಗಲಿಲ್ಲ. ಒಬ್ಬ ರೋಗಿಯಿಂದ ಸರಾಸರಿ ಮೂವರಿಗೆ ಹರಡುತ್ತೆ ಅಂತಿಟ್ಟರೆ ಸ್ಕ್ರೀನ್ ಮೇಲೆ ಕಡಿದಾದ ಬೆಟ್ಟ. ಜನ ಹತ್ತಿರ ಸೇರೋದನ್ನ ಅರ್ಧ ಮಾಡಿದರೆ ಸಣ್ಣ ದಿಬ್ಬ. ಬದಲಾಯಿಸಿದ್ದು ಒಂದೇ ಒಂದು ಸಂಖ್ಯೆ.

ಅವತ್ತೇ ಊರಿಗೆ ಫೋನ್ ಮಾಡಿ, "ಅಪ್ಪಾ, ಸ್ವಲ್ಪ ದಿನ ಡೈರಿ ಕಡೆ ಹೋಗಬೇಡಿ" ಅಂದೆ.

"ಹಸುಗೆ ಲಾಕ್‌ಡೌನ್ ಗೊತ್ತಾಗುತ್ತೇನಪ್ಪಾ? ಕರೀದೇ ಬಿಟ್ರೆ ಕೆಚ್ಚಲು ಬಾತ್ಕೊಳ್ಳುತ್ತೆ. ಕರೆದ ಹಾಲು ಏನ್ ಮಾಡ್ಲಿ?"

ನನ್ನ ಸಂಖ್ಯೆ ಇಳಿಸಿಕೊಳ್ಳೋಕೆ ನಾನು ಲ್ಯಾಪ್‌ಟಾಪ್ ತೆರೆದರೆ ಸಾಕಿತ್ತು, ಸಂಬಳ ತಿಂಗಳಿಗೆ ಸರಿಯಾಗಿ ಬರ್ತಿತ್ತು. ಅಪ್ಪ ಇಳಿಸಬೇಕಂದ್ರೆ ಹಾಲಿನ ಬಟವಾಡೆಯನ್ನೇ ಬಿಡಬೇಕು. ಆಮೇಲೆ ಡೈರಿಯವರೇ ಒಂದು ಉಪಾಯ ಮಾಡಿದರು. ಸುಣ್ಣದಲ್ಲಿ ಚೌಕ ಬರೆದು, ಸರದಿಯಲ್ಲಿ ಹಾಲಿನ ಕ್ಯಾನ್‌ಗಳನ್ನ ಇಡಿಸಿ, ಜನರನ್ನ ದೂರ ದೂರ ನಿಲ್ಲಿಸಿದರು. ರಾಸ್ ಹೇಳಿದ್ದೂ ಇದೇ ತಾನೇ? ಪೂರ್ತಿ ನಿಲ್ಲಿಸಬೇಕಿಲ್ಲ, ಮಿತಿಗಿಂತ ಕೆಳಗಿಳಿದರೆ ಸಾಕು.

ಗಣಿತ ಬೇಡ ಅಂತಲ್ಲ. ಅದಿಲ್ಲದಿದ್ದರೆ ಎಷ್ಟು ಇಳಿಸಬೇಕು ಅನ್ನೋದೇ ಗೊತ್ತಾಗಲ್ಲ. ಆದರೆ ಯಾರು ಇಳಿಸಬೇಕು, ಅದರ ನಷ್ಟ ಯಾರು ತುಂಬಿಕೊಡಬೇಕು ಅನ್ನೋದು ಗ್ರಾಫ್‌ನಲ್ಲಿ ಇರೋದಿಲ್ಲ. ಮುಂದಿನ ಸಲ ಯಾರಾದರೂ ಅಂಥ ಗ್ರಾಫ್ ತೋರಿಸಿದರೆ ಆ ಎರಡು ಪ್ರಶ್ನೆ ನಾವೇ ಕೇಳಬೇಕು.