ಕಂಬದೂರಿನ ಮಲ್ಲಿ

ಕಲ್ಯಾಣದುರ್ಗಕ್ಕೆ ತೆಂಕಣದಲ್ಲಿ, ಪಾವಗಡಕ್ಕೆ ಬಡಗಣದಲ್ಲಿ, ಎರಡು ರಾಜ್ಯಗಳ ಗಡಿಗೆರೆ ಹಾವಿನಂತೆ ಹೊರಳಿ ಸಾಗುವ ನೆಲದಲ್ಲಿ ಕಂಬದೂರು ಇದೆ. ಬಸ್ಸಿನ ಕಿಟಕಿಯಿಂದ ಕಾಣುವುದು ಕೆಂಪು ನೆಲ, ಬೋಳು ಗುಡ್ಡ, ಮಳೆ ಬಂದ ವರುಷವಾದರೆ ಕಡಲೆಕಾಯಿಯ ಹಸುರು. ಮಳೆ ಬಾರದ ವರುಷಗಳೇ ಹೆಚ್ಚು. ದೇಶದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳನ್ನು ಹೆಸರಿಸುವಾಗ ರಾಜಸ್ಥಾನದ ಮರುಭೂಮಿಯ ಬೆನ್ನಿಗೇ ಅನಂತಪುರದ ಹೆಸರು ಬರುತ್ತದೆಂಬುದನ್ನು ನಮ್ಮ ಮಕ್ಕಳು ಶಾಲೆಯಲ್ಲಿಯೇ ಕಲಿತಿರುತ್ತಾರೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಒಡೆದಾಗ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಂಬದೂರು ಅನಂತಪುರದಲ್ಲಿಯೇ ಉಳಿಯಿತು. ಊರಿನವರಿಗೆ ಇದರಿಂದ ಆದ ವ್ಯತ್ಯಾಸ ಕಡಿಮೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಎಂಬ ನಡಾವಳಿ ಎಂದಿನಂತೆಯೇ ಇದೆ.

ಊರಿನ ಹೆಸರಿನಲ್ಲೇ ಕಂಬವಿದೆ. ಕಂಬವೆಂದರೆ ನೆನಪಾಗುವುದು ಮಲ್ಲಿಕಾರ್ಜುನನ ಗುಡಿ. ಸಾವಿರ ವರುಷದಷ್ಟು ಹಳೆಯ ಕಲ್ಲಿನ ಕಟ್ಟಡ. ಅಲ್ಲಿನ ಹಳೆಯ ಗುಡಿಗಳಲ್ಲಿ ಜೈನರ ಕಾಲದ ಕುರುಹುಗಳಿವೆಯೆಂದು ವಿದ್ವಾಂಸರು ಹೇಳುತ್ತಾರೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಈ ಸೀಮೆಯದೇ ಆದ್ದರಿಂದ ಇಂಥ ಗುಡಿಗಳು ಇಲ್ಲಿರುವುದು ಅಚ್ಚರಿಯೇನಲ್ಲ. ಬಿಸಿಲು ಏರಿದ ಹೊತ್ತಿನಲ್ಲಿ ಒಳಗೆ ಹೊಕ್ಕರೆ ಕಲ್ಲು ತಣ್ಣಗಿರುತ್ತದೆ. ಮನುಷ್ಯರಿಗಿಂತ ಮೊದಲು ಇದನ್ನು ಅರಿತವು ಊರಿನ ಬೆಕ್ಕುಗಳು.

ನಮ್ಮ ದೊಡ್ಡಮ್ಮನ ಮನೆಯ ಬೆಕ್ಕು ಹುಟ್ಟಿದ್ದು ಆ ಗುಡಿಯ ಮಗ್ಗುಲಲ್ಲಿ. 2009ರ ಮಳೆಗಾಲದಲ್ಲಿ ಬೀದಿಯ ಹುಡುಗರು ತಾಯಿ ಕಾಣದ ಮರಿಯೊಂದನ್ನು ಟವಲಿನಲ್ಲಿ ಸುತ್ತಿಕೊಂಡು ಬಂದು ಜಗಲಿಯ ಮೇಲಿಟ್ಟು ಹೋದರಂತೆ. ಮಲ್ಲಿಕಾರ್ಜುನನ ಅಂಗಳದ್ದೆಂದು ದೊಡ್ಡಮ್ಮ ಅದಕ್ಕೆ ಮಲ್ಲಿ ಎಂದು ಹೆಸರಿಟ್ಟಳು. ಬೂದಿಬಣ್ಣದ ಮೈ, ಕುತ್ತಿಗೆಯಲ್ಲಿ ಬಿಳಿಯ ಪಟ್ಟೆ. ನೆರೆಮನೆಯವರು ‘ರಾ ಪಿಲ್ಲಿ’ ಎಂದರೂ ದೊಡ್ಡಮ್ಮ ‘ಬಾರೇ ಮಲ್ಲಿ’ ಎಂದರೂ ಬರುತ್ತಿತ್ತು. ಗಡಿನಾಡಿನ ಬೆಕ್ಕಿಗೆ ಎರಡು ಭಾಷೆಯಾದರೂ ಬರಬೇಡವೇ?

ದೊಡ್ಡಮ್ಮನದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಅಡುಗೆಮನೆಯ ಮೇಲೊಂದು ಗವಾಕ್ಷಿ. ಮಲ್ಲಿಯ ಬಾಗಿಲು ಅದೇ. ಬಿತ್ತನೆಗೆಂದು ಎತ್ತಿಟ್ಟ ಕಡಲೆಕಾಯಿ ಚೀಲಗಳಿಗೆ ಇಲಿಯ ಕಾಟ ಬಹಳ. ಒಂದು ಇಲಿ ಒಂದೇ ರಾತ್ರಿಯಲ್ಲಿ ಎಷ್ಟು ಸಿಪ್ಪೆ ಮಾಡಬಲ್ಲದೆಂಬುದು ಬಿತ್ತನೆಕಾಯಿ ಕಾಪಾಡಿದವರಿಗೆ ಗೊತ್ತು. ಮಲ್ಲಿ ಬಂದ ಮೇಲೆ ಆ ಚಿಂತೆ ತಪ್ಪಿತು. ಆಮೇಲೆ ಮನೆಯ ಜನವೇ ಕಡಿಮೆಯಾಗುತ್ತಾ ಬಂದರು. ದೊಡ್ಡಪ್ಪ ತೀರಿಕೊಂಡರು. ಹಿರಿಯ ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದ ಮೇಸ್ತ್ರಿಯಾದ. ಕಿರಿಯವನು ಅವನ ಹಿಂದೆ ಹೋದ. ಇದು ಒಂದು ಮನೆಯ ಕಥೆಯಲ್ಲ. ಬಾವಿ ಬತ್ತಿ, ಬೋರು ಕೈಕೊಟ್ಟ ಊರುಗಳ ಬೀದಿಯಲ್ಲಿ ನಡೆದರೆ ಎರಡು ಮನೆಗೊಂದು ಬೀಗ ಕಾಣುತ್ತದೆ. ಹಬ್ಬಕ್ಕೆ ಮಾತ್ರ ತೆರೆಯುವ ಮನೆಗಳವು. ಹೀಗೆ ಮಾಳಿಗೆಯ ಮನೆಯಲ್ಲಿ ಕೊನೆಗೆ ಉಳಿದವರು ಇಬ್ಬರು, ಎಪ್ಪತ್ತೆಂಟರ ದೊಡ್ಡಮ್ಮ ಮತ್ತು ಹದಿನಾರರ ಮಲ್ಲಿ. ಬೆಕ್ಕಿನ ಹದಿನಾರನ್ನು ಪಶುವೈದ್ಯರು ಮನುಷ್ಯರ ಎಂಬತ್ತಕ್ಕೆ ಸಮವೆಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಹಿರಿಯಳು ಮಲ್ಲಿಯೇ.

ದೊಡ್ಡಮ್ಮ ಅದರೊಡನೆ ದಿನವಿಡೀ ಮಾತನಾಡುತ್ತಿದ್ದಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ, ಮಗನ ಫೋನು ಬಂತೋ ಇಲ್ಲವೋ, ಪಿಂಚಣಿ ಹಣ ಯಾವಾಗ ಬರುತ್ತದೋ ಎಂದೆಲ್ಲ. ಹಿಂದೂಪುರದಿಂದ ಎರಡು ಮೂರು ತಿಂಗಳಿಗೊಮ್ಮೆ ಹೋಗುವ ನಮಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಒಂಟಿ ಮುದುಕಿಯರ ಮನೆಯಲ್ಲಿ ಮಾತು ಬತ್ತದಂತೆ ನೋಡಿಕೊಳ್ಳುವುದೂ ಒಂದು ಕೆಲಸವೇ. ಅದನ್ನು ಆ ಬೆಕ್ಕು ಮಾಡುತ್ತಿತ್ತು.

ಕಳೆದ ಭಾದ್ರಪದದ ಹೊತ್ತಿಗೆ ಮಲ್ಲಿ ನೀರನ್ನು ಬಹಳ ಕುಡಿಯತೊಡಗಿತು. ಮೈ ಇಳಿಯಿತು, ಬೆನ್ನುಹುರಿ ಕೈಗೆ ಸಿಗುತ್ತಿತ್ತು. ಗವಾಕ್ಷಿಗೆ ಹಾರಲಾರದೆ ಬಾಗಿಲಲ್ಲಿ ನಿಂತು ಕೂಗುತ್ತಿತ್ತು. ಮುದಿ ಬೆಕ್ಕುಗಳಲ್ಲಿ ಇದು ಸಾಮಾನ್ಯ. ಬೆಕ್ಕಿನ ಮೂಲವಂಶ ಒಣನಾಡಿನದು. ಮೂತ್ರವನ್ನು ಗಟ್ಟಿಮಾಡಿ ನೀರನ್ನು ಉಳಿಸುವ ಶಕ್ತಿ ಅದರ ಮೂತ್ರಪಿಂಡಕ್ಕಿದೆ. ವಯಸ್ಸಾದಂತೆ ಆ ಮೂತ್ರಪಿಂಡವೇ ಸೋಲುತ್ತದೆ. ಆಗ ಕುಡಿದ ನೀರು ನಿಲ್ಲದೆ ಹರಿದುಹೋಗುತ್ತದೆ, ಹಸಿವು ಕುಂದುತ್ತದೆ. ಹೋದ ಶಕ್ತಿಯನ್ನು ಮರಳಿ ತರುವ ಔಷಧವಿಲ್ಲ. ಆಹಾರದಿಂದಲೂ ಚರ್ಮದಡಿಗೆ ಕೊಡುವ ದ್ರವದಿಂದಲೂ ಕೆಲವು ಕಾಲ ಹಗುರ ಮಾಡಬಹುದಷ್ಟೆ.

ಇಂಥ ಊರುಗಳ ಪಶುವೈದ್ಯಶಾಲೆಯಲ್ಲಿ ಕುರಿ, ಮೇಕೆ, ಎಮ್ಮೆಗಳದೇ ಸರದಿ. ಬುಟ್ಟಿಯಲ್ಲಿ ಬೆಕ್ಕನ್ನಿಟ್ಟುಕೊಂಡು ಬಂದ ಮುದುಕಿಯನ್ನು ಕಂಡು ಸಾಲಿನಲ್ಲಿ ನಿಂತವರು ನಕ್ಕರಂತೆ. ವೈದ್ಯರು ನಗಲಿಲ್ಲ. ಕಣ್ಣು, ಒಸಡು, ಹೊಟ್ಟೆ ಮುಟ್ಟಿ ನೋಡಿ, ದೊಡ್ಡ ಊರಿಗೆ ಒಯ್ದರೆ ರಕ್ತಪರೀಕ್ಷೆ ಮಾಡಿಸಿ ದಿನವೂ ದ್ರವ ಕೊಡಿಸಬಹುದು, ಆದರೂ ಹೆಚ್ಚು ದಿನ ಉಳಿಯದೆಂದು ನೇರವಾಗಿ ಹೇಳಿದರು. ದೊಡ್ಡಮ್ಮ ಒಂದು ಕ್ಷಣ ಸುಮ್ಮನಿದ್ದು, “ದಿನಾ ಸೂಜಿ ಚುಚ್ಚಿಸೋದು ಬ್ಯಾಡಪ್ಪ, ಮನೆಯಾಗೇ ಇರ್ಲಿ” ಎಂದಳು. ವೈದ್ಯರು ವಾಂತಿ ನಿಲ್ಲುವ ಮದ್ದು ಕೊಟ್ಟು, ಬೆಚ್ಚಗಿಡಿ, ಕೇಳಿದಾಗಲೆಲ್ಲ ನೀರು ಕೊಡಿ ಎಂದು ಕಳುಹಿಸಿದರು. ಆ ತೀರ್ಮಾನ ಸರಿಯೆಂದೇ ನನ್ನ ಎಣಿಕೆ. ಬಸ್ಸಿನ ಕುಲುಕಾಟ, ಪರಸ್ಥಳ, ಪರರ ಕೈ, ಇವೆಲ್ಲ ಮುದಿ ಬೆಕ್ಕಿಗೆ ರೋಗಕ್ಕಿಂತ ದೊಡ್ಡ ಸಂಕಟ.

ಕೊನೆಯ ನಾಲ್ಕು ದಿನ ಮಲ್ಲಿ ಏನನ್ನೂ ತಿನ್ನಲಿಲ್ಲ. ಬಸದಿಗಳಿದ್ದ ನಾಡಲ್ಲವೇ, ನೋಡಲು ಬಂದ ಮೇಷ್ಟರೊಬ್ಬರು ‘ಸಲ್ಲೇಖನ ಹಿಡಿದಿದೆ’ ಎಂದರು. ಅದು ಅತಿಯಾಯಿತು. ಸಲ್ಲೇಖನ ಅರಿತು ಕೈಗೊಳ್ಳುವ ವ್ರತ. ಇದು ಸೋತ ದೇಹದ ಓಕರಿಕೆ. ಕಾರ್ತಿಕದ ಒಂದು ನಸುಕಿನಲ್ಲಿ, ಒಲೆಯ ಪಕ್ಕದ ಗೋಣಿಯ ಮೇಲೆ, ದೊಡ್ಡಮ್ಮನ ಸೆರಗಿನ ತುದಿಯ ಮೇಲೆ ತಲೆಯಿಟ್ಟು ಅದು ಉಸಿರು ಬಿಟ್ಟಿತು.

ಊರಿನಲ್ಲಿ ಸತ್ತ ಬೆಕ್ಕನ್ನು ಊರಾಚೆಗೆ ಎಸೆಯುವುದೇ ರೂಢಿ. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ಹಳೆಯ ಹೆದರಿಕೆ ಎಲ್ಲರಿಗೂ ಗೊತ್ತು. ತಾನಾಗಿ ಸತ್ತ ಬೆಕ್ಕಿಗೆ ಏನು ಮಾಡಬೇಕೆಂಬುದು ಯಾರಿಗೂ ಗೊತ್ತಿಲ್ಲ. ಪಾಪಕ್ಕೆ ವಿಧಿಯಿದೆ, ದುಃಖಕ್ಕೆ ಇಲ್ಲ. ದೊಡ್ಡಮ್ಮ ತನ್ನ ಹಳೆಯ ಸೀರೆಯ ತುಂಡಿನಲ್ಲಿ ಅದನ್ನು ಸುತ್ತಿ, ಹಿತ್ತಲ ಬೇವಿನ ಬುಡದಲ್ಲಿ ಮೊಣಕಾಲುದ್ದ ಗುಂಡಿ ತೋಡಿಸಿ ಮಣ್ಣು ಮಾಡಿಸಿದಳು. ನಾಯಿ ಕೆದಕದಿರಲೆಂದು ಮೇಲೆ ಒಂದು ಚಪ್ಪಡಿ. ಬೀದಿಯವರು ಆಡಿಕೊಂಡದ್ದು ಆ ಚಪ್ಪಡಿಯನ್ನು ಕಂಡೇ. ಬೆಕ್ಕಿಗೂ ಕಲ್ಲೇ?

ಹೌದು, ಕಲ್ಲೇ ಎಂದು ಉತ್ತರ ಕೊಡಲು ಕನ್ನಡಿಗರಿಗೆ ಸಾವಿರ ವರುಷದ ಆಧಾರವಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನವೊಂದು ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗನೊಡನೆ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ ಕಾಲ ಅದು. ಆ ಯುದ್ಧದಲ್ಲಿ ಹೋರಾಡಿದ ಮಣಲೆರ ಎಂಬ ವೀರನಿಗೆ, ಮೆಚ್ಚಿದೆ, ಬೇಕಾದುದನ್ನು ಬೇಡು ಎಂದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಊರು, ಹೊನ್ನು, ಪದವಿ ಯಾವುದನ್ನಾದರೂ ಕೇಳಬಹುದಾಗಿತ್ತು! ಮುಂದೆ ಬೇಳತೂರಿನ ಬೆಟ್ಟದ ಬಳಿ ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರನ ಮುಂದೆ ಕಾಳಿಗೊಂದು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಕೆರೆಯ ಕೆಳಗಿನ ಎರಡು ಖಂಡುಗ ಗದ್ದೆ ಬಿಟ್ಟುಕೊಟ್ಟ. ನಾಯಿ ಹಂದಿಗಳ ಕಾದಾಟವನ್ನು ಕಲ್ಲಿನ ಮೇಲೆಯೇ ಬಿಡಿಸಿದ್ದಾರೆ. ಈಗ ಅದನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರಿಸಲಾಗಿದೆ. ಬೇಸಗೆ ರಜೆಯಲ್ಲಿ ಬೆಂಗಳೂರಿಗೆ ಮಕ್ಕಳನ್ನು ಕರೆದೊಯ್ಯುವವರು ಮರೆಯದೆ ತೋರಿಸಬೇಕು. ತಕ್ಕೋಲದ ಯುದ್ಧದ ಇತಿಹಾಸಕ್ಕೆ ವಿದ್ವಾಂಸರು ಮತ್ತೆ ಮತ್ತೆ ಮೊರೆಹೋಗುವುದು ಒಂದು ನಾಯಿಗಾಗಿ ನಿಲ್ಲಿಸಿದ ಈ ಕಲ್ಲಿಗೆ.

ಆ ಶಾಸನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಯುದ್ಧವಲ್ಲ, ಕೊನೆಯ ಕಟ್ಟಳೆ. ಗುಡಿಯ ಗೊರವನು ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು. ಉಂಡರೆ ನಾಯಿಯ ಪಾಪ ಅವನನ್ನು ತಟ್ಟುತ್ತದೆ. ಮಣಲೆರನಿಗೆ ಮನುಷ್ಯರ ಮರೆವು ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ನೆನಪನ್ನು ದಿನದ ಅನ್ನಕ್ಕೆ ಕಟ್ಟಿಹಾಕಿದ. ಮಲ್ಲಿ ಹಂದಿಯೊಡನೆ ಕಾದಲಿಲ್ಲ, ನಿಜ. ಹದಿನಾರು ಬೆಳೆಗಳ ಬಿತ್ತನೆಕಾಯಿ ಕಾದಿತು.

ಅದೇ ಮದ್ದೂರು ತಾಲ್ಲೂಕಿನಲ್ಲಿ ಬೆಕ್ಕಳಲೆ ಎಂಬ ಊರಿದೆ. ಊರಿನ ಹೆಸರಿನಲ್ಲೇ ಬೆಕ್ಕು. ಅಲ್ಲಿಯವರಿಗೆ ಬೆಕ್ಕು ಮಂಗಮ್ಮ ದೇವಿಯ ರೂಪ. ಹಿಂದೊಮ್ಮೆ ದುಷ್ಟಶಕ್ತಿಗಳು ಊರನ್ನು ಹೊಕ್ಕಾಗ ದೇವಿ ಬೆಕ್ಕಿನ ರೂಪದಲ್ಲಿ ಬಂದು ಕಾಪಾಡಿದಳು, ಅವಳು ಮರೆಯಾದೆಡೆ ಹುತ್ತವೆದ್ದಿತು ಎಂಬುದು ಅಲ್ಲಿನ ಐತಿಹ್ಯ. ಬೆಕ್ಕಿಗೆ ಕೇಡು ಮಾಡಿದವನಿಗೆ ಅಲ್ಲಿ ಜಾಗವಿಲ್ಲ. ಸತ್ತ ಬೆಕ್ಕು ಕಣ್ಣಿಗೆ ಬಿದ್ದರೆ ಅದನ್ನು ಮಣ್ಣು ಮಾಡದೆ ಮುಂದೆ ಹೋಗುವಂತಿಲ್ಲ. ಇದನ್ನು ದೊಡ್ಡಮ್ಮನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: “ಅಲ್ಲಿಗೆ ಬಸ್ಸು ಐತಾ?” ಬೇಸಗೆ ಕಳೆದ ಮೇಲೆ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದೇನೆ.

ದೂರದ ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರುಷಗಳ ಹಿಂದಿನ ಗೋರಿಯೊಂದನ್ನು ಪ್ರಾಕ್ತನಶಾಸ್ತ್ರಜ್ಞರು ಅಗೆದು, 2004ರಲ್ಲಿ ಅದರ ವಿವರ ಪ್ರಕಟಿಸಿದರು. ಮನುಷ್ಯನ ಅಸ್ಥಿಪಂಜರದಿಂದ 40 ಸೆಂಟಿಮೀಟರ್ ದೂರದಲ್ಲಿ ಒಂದು ಬೆಕ್ಕಿನ ಅಸ್ಥಿಪಂಜರ. ಹಗೇವಿನಲ್ಲಿ ಧಾನ್ಯ ತುಂಬಲು ಮನುಷ್ಯ ಕಲಿತ ಕಾಲವದು; ಧಾನ್ಯಕ್ಕೆ ಇಲಿ, ಇಲಿಗೆ ಬೆಕ್ಕು. ಈಜಿಪ್ಟಿನಲ್ಲಿ ಮನೆಯ ಬೆಕ್ಕು ಸತ್ತರೆ ಮನೆಯವರೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಗ್ರೀಕರ ಹೆರೊಡೊಟಸ್ ಬರೆದಿದ್ದಾನೆ. ನಮ್ಮಲ್ಲಿ ಇಷ್ಟು ಬಹಿರಂಗವಾಗಿ ಅಳುವ ವ್ಯವಸ್ಥೆಯಿಲ್ಲ. ಬೆಕ್ಕಿಗಾಗಿ ಅತ್ತರೆ, ಮನುಷ್ಯರಿಗೇ ಗತಿಯಿಲ್ಲ, ಬೆಕ್ಕಿಗೆ ಅಳುತ್ತಾಳೆ ಎನ್ನುತ್ತಾರೆ. ದೊಡ್ಡಮ್ಮ ಅದಕ್ಕೇ ನೀರೊಲೆಯ ಮುಂದೆ ಕೂತು ಅಳುತ್ತಿದ್ದಳು, ಹೊಗೆಯೆಂದು ಹೇಳಬಹುದಲ್ಲ.

ಉತ್ತರಾಯಣದ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳಿಗೆ ‘ಮಲ್ಲಿ ಎಲ್ಲೋ ಹೋಗಿದೆ, ಬರುತ್ತದೆ’ ಎಂದು ಹೇಳಿಡೋಣವೆಂದು ಮನೆಯವರು ಮಾತಾಡಿಕೊಂಡರು. ಎಂಟು ವರುಷದ ಮಗು. ದೊಡ್ಡಮ್ಮ ಒಪ್ಪಲಿಲ್ಲ. ಬರುತ್ತದೆಂದರೆ ಮಗು ಕಾಯುತ್ತದೆ, ಕಾಯುವುದರ ಕಷ್ಟ ನನಗೆ ಗೊತ್ತು ಎಂದಳು. ಮಕ್ಕಳ ಫೋನಿಗಾಗಿ ಕಾಯುವವಳ ಮಾತದು, ಯಾರೂ ಎದುರಾಡಲಿಲ್ಲ. ಮಗುವನ್ನು ಬೇವಿನ ಬುಡಕ್ಕೆ ಕರೆದೊಯ್ದು ಚಪ್ಪಡಿ ತೋರಿಸಿ, ಮಲ್ಲಿಗೆ ವಯಸ್ಸಾಗಿತ್ತು, ಸತ್ತಿತು, ಇಲ್ಲಿದೆ ಎಂದು ಹೇಳಿದಳು. ಮಗು ಅತ್ತಿತು. ಆಮೇಲೆ, ಅದಕ್ಕೆ ನೋವಾಯಿತಾ, ಒಬ್ಬಳೇ ಇದ್ದಳಾ ಎಂದು ಕೇಳಿತು. ಸ್ವಲ್ಪ ನೋವಾಯಿತು, ನಾನಿದ್ದೆ ಎಂದು ದೊಡ್ಡಮ್ಮ ಹೇಳಿದಳು. ಮಗು ಇದ್ದಿಲಿನಿಂದ ಚಪ್ಪಡಿಯ ಮೇಲೆ ಕನ್ನಡದಲ್ಲಿ ‘ಮಲ್ಲಿ’ ಎಂದು ಬರೆಯಿತು. ಒತ್ತಕ್ಷರ ಸ್ವಲ್ಪ ಪಕ್ಕಕ್ಕೆ ಜಾರಿದೆ.

ನೆರೆಯವರು ಇನ್ನೊಂದು ಮರಿ ತಂದುಕೊಡುವೆವೆಂದರು. ಹಿರಿಯ ಮಗ ಫೋನಿನಲ್ಲಿ, ಬೆಂಗಳೂರಿಗೇ ಬಂದುಬಿಡು ಎಂದ. ಎರಡಕ್ಕೂ ದೊಡ್ಡಮ್ಮನದು ‘ಈಗ ಬೇಡ’ ಎಂಬ ಉತ್ತರ. ನಸುಕಿನಲ್ಲಿ ಎದ್ದು ಅಭ್ಯಾಸಬಲದಿಂದ ಹಾಲಿಗೆ ನೀರು ಬೆರೆಸಿ, ಆಮೇಲೆ ನೆನಪಾಗಿ ನಿಲ್ಲುತ್ತಾಳೆ. ಗವಾಕ್ಷಿಯಲ್ಲಿ ಸದ್ದಾದರೆ ತಲೆಯೆತ್ತುತ್ತಾಳೆ, ಅಲ್ಲಿರುವುದು ಗುಬ್ಬಿ. ಕಡಲೆಕಾಯಿ ಚೀಲಗಳಿಗೆ ಇಲಿ ಮರಳಿ ಬಂದಿವೆಯಾದರೂ ಇನ್ನೂ ಬೋನು ಇಟ್ಟಿಲ್ಲ. ನಾನು ಕಳೆದ ವಾರ ಹೋಗಿದ್ದಾಗ ಮಲ್ಲಿಯ ಅಲ್ಯೂಮಿನಿಯಂ ಬಟ್ಟಲನ್ನು ತೊಳೆದು, ನೀರು ತುಂಬಿ ಮಾಳಿಗೆಯ ಮೇಲೆ ಗುಬ್ಬಿಗಳಿಗಾಗಿ ಇಟ್ಟಿದ್ದಳು. ಬಿಸಿಲಿಗೆ ಮಧ್ಯಾಹ್ನದೊಳಗೆ ನೀರು ಆರಿಹೋಗುತ್ತದೆ, ದಿನಕ್ಕೆರಡು ಸಲ ಏಣಿ ಹತ್ತಬೇಕು, ಬಿದ್ದರೆ ಯಾರು ದಿಕ್ಕು ಎಂದು ನಾನು ಗದರಿದೆ. ಅವಳು ಚೆಂಬು ಹಿಡಿದು ಆಗಲೇ ಮೂರನೆಯ ಮೆಟ್ಟಿಲಲ್ಲಿದ್ದಳು.