ಮರಳಿನ ಮೇಲಿನ ಕಂದು

ಬೆಳಿಗ್ಗೆ ನನ್ನ ಉಪ್ಪುನೀರಿನ ಹವಳದ ಟ್ಯಾಂಕಿನ ದೀಪ ಹಾಕುವಾಗ ಮರಳು ಬೆಳ್ಳಗಿರುತ್ತದೆ. ಮಧ್ಯಾಹ್ನಕ್ಕೆ ಕಂದು. ಸಂಜೆಯಾಗುತ್ತಲೇ ಕಲ್ಲಿನಿಂದ ಕಲ್ಲಿಗೆ ದಾರ ದಾರ ಲೋಳೆ, ದಾರದ ತುದಿಗಳಲ್ಲಿ ಗಾಳಿಗುಳ್ಳೆ. ರಾತ್ರಿ ದೀಪ ಆರಿಸಿ ಮಾರನೇ ದಿನ ನೋಡಿದರೆ ಮುಕ್ಕಾಲು ಪಾಲು ಮಾಯ. ಹೀಗೆ ಹಗಲು ಬಂದು ರಾತ್ರಿ ಹೋಗುವ ಪಾಚಿಯನ್ನು ನಾನು ಬಾವಿಯಲ್ಲೂ ಕಂಡಿಲ್ಲ, ಕೆರೆಯಲ್ಲೂ ಕಂಡಿಲ್ಲ. ಹೋಗುವುದಾದರೂ ಎಲ್ಲಿಗೆ?

*

ಟ್ಯಾಂಕ್ ಇಟ್ಟ ಶುರುವಿನಲ್ಲಿ ಬಂದ ಕಂದು ಬೇರೆಯದು. ಗಾಜಿನ ಮೇಲೆ ಬೆರಳಾಡಿಸಿದರೆ ಹೋಗುವ ಬರೀ ಧೂಳು. ಅದು ಡಯಾಟಮ್: ಮೈಸುತ್ತ ಗಾಜಿನ ಚಿಪ್ಪು ಕಟ್ಟಿಕೊಳ್ಳುವ ಒಂಟಿಕೋಶದ ಜೀವಿ. ಚಿಪ್ಪಿಗೆ ನೀರಲ್ಲಿ ಕರಗಿದ ಸಿಲಿಕಾ ಬೇಕು. ಬೆಂಗಳೂರಿನ ಬೋರ್‌ವೆಲ್ ನೀರು ಗ್ರಾನೈಟು, ನೈಸ್ ಬಂಡೆಗಳ ಬಿರುಕುಗಳಲ್ಲಿ ನಿಂತು ಬಂದದ್ದು. ಅದರಲ್ಲಿ ಸಿಲಿಕಾಕ್ಕೆ ಬರವಿಲ್ಲ. ಅದಕ್ಕೇ ಉಪ್ಪು ಬೆರೆಸುವ ಮೊದಲು ನೀರನ್ನು ಆರ್‌ಓ ಯಂತ್ರದಿಂದಲೂ ಕರಗಿದ ಲವಣಗಳನ್ನು ಹಿಡಿದಿಡುವ ಡಿಐ ರಾಳದ ಕೊಳವೆಯಿಂದಲೂ ಹಾಯಿಸಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಬಳಸುವುದು. ಆದರೂ ಹೊಸ ಮರಳು, ಹೊಸ ಕಲ್ಲು ಒಂದಿಷ್ಟು ಸಿಲಿಕಾ ಬಿಡುತ್ತವೆ. ಅದು ತೀರಿದಾಗ ಡಯಾಟಮ್ ತಾನಾಗಿ ಹೋಯಿತು.

1867ರಲ್ಲಿ ಆಲ್‌ಫ್ರೆಡ್ ನೊಬೆಲ್ ಪೇಟೆಂಟ್ ಪಡೆದ ಡೈನಮೈಟ್‌ನಲ್ಲಿ ನೈಟ್ರೊಗ್ಲಿಸರಿನ್ನನ್ನು ಹೀರಿ ಹಿಡಿದಿಟ್ಟದ್ದು ಇಂಥ ಚಿಪ್ಪುಗಳ ಮಣ್ಣೇ. ಗಾಜಿನ ಕಂದು ಒರೆಸಿ ಎಸೆದ ಬಟ್ಟೆಯನ್ನು ಮತ್ತೆ ಎತ್ತಿ ನೋಡಬೇಕೆನಿಸಿತು.

*

ಆಮೇಲೆ ಕೆಂಪು. ನೀರಿನ ಸೆಳೆತ ಮುಟ್ಟದ ಹಿಂದಿನ ಮೂಲೆಯಲ್ಲಿ ಮಾತ್ರ. ಪೈಪಿನಿಂದ ಎಳೆದರೆ ಹಾಲಿನ ಕೆನೆಯಂತೆ ಇಡೀ ಹಾಳೆಯೇ ಏಳುತ್ತದೆ. ಎಲ್ಲರೂ ಪಾಚಿ ಅನ್ನುವ ಇದು ಪಾಚಿಯ ಕುಲದ್ದಲ್ಲ, ಸಯನೋಬ್ಯಾಕ್ಟೀರಿಯಾ. ಕೋಶದೊಳಗೆ ಕೋಶಕೇಂದ್ರವೇ ಇಲ್ಲ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ಸೇರಲು ಶುರುವಾದದ್ದು ಈ ವಂಶದಿಂದ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕಡಲಲ್ಲಿ ತೇಲುವ ಟ್ರೈಕೊಡೆಸ್ಮಿಯಂ ಕೂಡ ಇದರ ಬಳಗವೇ. ನೀರು ನೂಕುವ ವೇವ್‌ಮೇಕರನ್ನು ಆ ಮೂಲೆಗೆ ತಿರುಗಿಸಿದ ಮೇಲೆ ಕೆಂಪು ಕಮ್ಮಿಯಾಯಿತು. ಇದರ ವಿಚಾರ ಇಷ್ಟೇ.

*

ಈಗಿನ ಲೋಳೆ ಇವೆರಡೂ ಅಲ್ಲ ಎಂಬ ಗುಮಾನಿ. ಹಳೆಯ ಹವ್ಯಾಸಿಗಳು ಹೇಳುವ ಪರೀಕ್ಷೆ ಮಾಡಿದೆ. ಲೋಳೆಯನ್ನು ಟ್ಯಾಂಕಿನ ನೀರಿನ ಸಮೇತ ಬಾಟಲಿಗೆ ತೆಗೆದು, ದಾರಗಳೆಲ್ಲ ಹರಿಯುವವರೆಗೆ ಕುಲುಕಿ, ತೆಳು ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ದೀಪದ ಕೆಳಗಿಟ್ಟೆ. ನೀರು ತಿಳಿಯಾಗಿಯೇ ಇತ್ತು. ಒಂದು ಗಂಟೆಯೊಳಗೆ ಅದರಲ್ಲಿ ಮತ್ತೆ ದಾರಗಳು! ಕಾಗದದ ರಂಧ್ರಗಳಲ್ಲಿ ತೂರಿ ಬಂದ ಬಿಡಿ ಕೋಶಗಳು ಒಂದನ್ನೊಂದು ಹುಡುಕಿ ಕೂಡಿಕೊಂಡಿದ್ದವು. ಡಯಾಟಮ್ ಹೀಗೆ ಮಾಡುವುದಿಲ್ಲ.

ಪರಿಚಯದ ಮೇಷ್ಟ್ರೊಬ್ಬರಿಂದ ಸೂಕ್ಷ್ಮದರ್ಶಕ ತಂದೆ. 400 ಪಟ್ಟಿನಲ್ಲಿ ಮಗಳೇ ಮೊದಲು ನೋಡಿದಳು. "ಅಪ್ಪಾ, ಇದು ಗಿಡ ಅಲ್ಲ. ಈಜ್ತಾ ಇದೆ."

ಹನಿಯ ಆಕಾರದ ಕಂದು ಕೋಶಗಳು, ಚೂಪು ತುದಿಯನ್ನು ಒಂದೆಡೆ ಊರಿ ಸುತ್ತ ಗಿರಗಿರ ತಿರುಗುತ್ತಿವೆ. ಆಸ್ಟ್ರಿಯಾಪ್ಸಿಸ್. ಈಜಬಲ್ಲ ಒಂಟಿಕೋಶದ ಡೈನೋಫ್ಲಾಜೆಲೇಟ್‌ಗಳಲ್ಲಿ, ಅಂದರೆ ಡೈನೊಗಳಲ್ಲಿ, ಒಂದು. ಮರಳಿನಿಂದ ತೆಗೆದ ಹನಿಯಲ್ಲಿ ಇನ್ನೊಂದು ಬಗೆ: ಅಂಡಾಕಾರ, ಮುಂದೆ ಪುಟ್ಟ ಕೊಕ್ಕು, ಎಲ್ಲೂ ಊರದೆ ಜಾರಿಕೊಂಡು ಓಡಾಟ. ಆಂಫಿಡೀನಿಯಂ.

ಮಾಯವಾಗುವ ಗುಟ್ಟು ಅರ್ಧ ಬಯಲಾಯಿತು. ರಾತ್ರಿ ಮೊದಲನೆಯದು ಕಲ್ಲು ಬಿಟ್ಟು ನೀರಿಗೇಳುತ್ತದೆ, ಎರಡನೆಯದು ಮರಳಿನೊಳಕ್ಕೆ ಇಳಿಯುತ್ತದೆ.

*

ಬಸವನಹುಳುಗಳು ಗಾಜಿನಿಂದ ಕಳಚಿ ಬೀಳುತ್ತಿವೆ. ಆಸ್ಟ್ರಿಯಾಪ್ಸಿಸ್ ವಿಷ ಮಾಡುತ್ತದೆ, ಪ್ಯಾಲಿಟಾಕ್ಸಿನ್ ಬಳಗದ್ದು. 2005ರಲ್ಲಿ ಇಟಲಿಯ ಜಿನೋವಾ ಕಡಲತೀರದಲ್ಲಿ ಇದು ಹೆಚ್ಚಿದಾಗ, ಅಲೆಯ ತುಂತುರು ಉಸಿರಿಗೆ ಹೋಗಿಯೇ ಸುಮಾರು 200 ಜನ ಜ್ವರ, ಕೆಮ್ಮು ಅಂತ ಚಿಕಿತ್ಸೆ ಪಡೆದಿದ್ದರು. ವಿಷ ಹೀರಲೆಂದು ಫಿಲ್ಟರಿಗೆ ಹೊಸ ಇದ್ದಿಲು ಹಾಕಿದೆ. ಕೈಗೆ ಗ್ಲೌಸ್ ಇಲ್ಲದೆ ಇನ್ನು ಟ್ಯಾಂಕ್ ಮುಟ್ಟುವುದಿಲ್ಲ. ಮಗಳಿಗೂ ಹೇಳಿದ್ದೇನೆ.

*

ನನಗೆ ಎಲ್ಲಕ್ಕಿಂತ ಬಗೆಹರಿಯದ್ದು ಟೆಸ್ಟ್ ಕಿಟ್ಟಿನ ಲೆಕ್ಕ. ನೈಟ್ರೇಟ್ ಸೊನ್ನೆ. ಫಾಸ್ಫೇಟ್ ಸೊನ್ನೆ. ಗೊಬ್ಬರವಿಲ್ಲದೆ ಬೆಳೆಯುವುದೇನು?

ಓದುತ್ತಾ ಹೋದಂತೆ ಅರ್ಥವಾಗಿದ್ದು: ಬೆಳೆಯುತ್ತಿರುವುದು ಗೊಬ್ಬರ ಇಲ್ಲದ್ದಕ್ಕೇ. ಪೋಷಕಾಂಶ ಬತ್ತಿದಾಗ ಹಸಿರು ಪಾಚಿ, ಬ್ಯಾಕ್ಟೀರಿಯಾ ಹಿಂದೆ ಸರಿಯುತ್ತವೆ. ಡೈನೊಗಳಲ್ಲಿ ಹಲವು ಬೆಳಕಿನಿಂದ ಆಹಾರ ಮಾಡಿಕೊಳ್ಳುವುದಲ್ಲದೆ ಬ್ಯಾಕ್ಟೀರಿಯಾಗಳನ್ನು ಹಿಡಿದು ತಿನ್ನಲೂ ಬಲ್ಲವು. ಖಾಲಿ ಬಿದ್ದ ಜಾಗವೆಲ್ಲ ಅವುಗಳದ್ದೇ. ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಕೂಡುತ್ತದೆ. ಬಂಡೆ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಷೆಡ್ಯೂಲಿನಲ್ಲಿವೆ. ಕಡಲಿನಿಂದ ಜೀವಂತ ಹವಳದ ಕಲ್ಲು ಎತ್ತಿ ತರುವಂತಿಲ್ಲ, ತರಲೂಬಾರದು. ಆ ಕಾನೂನು ಸರಿಯಾದದ್ದೇ. ಹಾಗಾಗಿ ಇಲ್ಲಿ ಟ್ಯಾಂಕ್ ಶುರುವಾಗುವುದು ಒಣ ಕಲ್ಲಿನಿಂದ. ಆ ಕಲ್ಲು ನೀರಿನ ಫಾಸ್ಫೇಟನ್ನು ತಾನೇ ಹೀರಿಕೊಳ್ಳುತ್ತದೆ, ಮೇಲೆ ಅದರಲ್ಲಿ ಹುಳು, ಸ್ಪಂಜು, ಕೋಪಿಪಾಡ್‌ನಂಥ ಪುಟಾಣಿ ಜೀವಿ ಒಂದೂ ಇರುವುದಿಲ್ಲ. ಮೊದಲು ಬಂದವರನ್ನು ತಡೆಯುವವರು ಯಾರೂ ಇಲ್ಲ.

*

ಹವಳದ ಮೈಯೊಳಗಿದ್ದು ಅದಕ್ಕೆ ಊಟ ಹಾಕುವ ಝೂಜಾಂಥೆಲೆ, ಅದೂ ಡೈನೋಫ್ಲಾಜೆಲೇಟೇ. ಅದು ಬಿಟ್ಟುಹೋಗಿ ಮರಳದಿದ್ದರೆ ಹವಳ ಬಿಳಿಚಿ ಸಾಯುತ್ತದೆ. ಅದರ ದಾಯಾದಿ ಮೇಲೆ ಹೊದ್ದುಕೊಂಡರೂ ಸಾಯುತ್ತದೆ. ಈ ಒಂದು ಸಂಗತಿಯ ಮುಂದೆ ನಾನು ಎಷ್ಟು ಹೊತ್ತು ಕೂತರೂ ಸಾಲದು.

*

ಮಾಡುತ್ತಿರುವುದು: ನೀರು ಬದಲಿಸುವುದನ್ನು ನಿಲ್ಲಿಸಿದ್ದೇನೆ. ಮೀನಿಗೆ ಊಟ ಜಾಸ್ತಿ. ನೈಟ್ರೇಟ್ ಲೀಟರಿಗೆ 5 ಮಿಲಿಗ್ರಾಂ, ಫಾಸ್ಫೇಟ್ 0.1ರ ಆಸುಪಾಸಿಗೆ ಏರಲಿ ಅಂತ ಎರಡನ್ನೂ ಹನಿ ಹನಿ ಹಾಕುತ್ತಿದ್ದೇನೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯುವಿ ದೀಪದ ಕೊಳವೆ ರಾತ್ರಿಯಿಡೀ ಓಡುತ್ತದೆ. ನೀರಿಗೆದ್ದ ಆಸ್ಟ್ರಿಯಾಪ್ಸಿಸ್ ಅದರೊಳಗೆ ಹಾಯಲೇಬೇಕು. ಕಲ್ಲಿನ ಮೇಲಿನ ದಾರಗಳು ನಿಜಕ್ಕೂ ತೆಳುವಾಗಿವೆ.

ಮರಳಿನದು ಮಾತ್ರ ಹಾಗೇ ಇದೆ. ಆಂಫಿಡೀನಿಯಂ ನೀರಿಗೆ ಏಳುವುದಿಲ್ಲವಾದ್ದರಿಂದ ಯುವಿ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಅನುಭವಸ್ಥರು ಹೇಳುವ ಮದ್ದು ಸೋಡಿಯಂ ಸಿಲಿಕೇಟ್! ಡಯಾಟಮ್‌ಗಳನ್ನು ಬೇಕೆಂದೇ ಬೆಳೆಸಿ ಮರಳಿನ ಜಾಗ ಅವಕ್ಕೆ ಕೊಡಿಸುವುದು. ಡಿಐ ರಾಳದಿಂದ ಯಾವುದನ್ನು ಸೋಸಿ ತೆಗೆದೆನೋ ಅದನ್ನೇ ಈಗ ಅಳೆದು ಸುರಿಯುತ್ತಿದ್ದೇನೆ.

ಡೈನೊಗೆ ಸಿಲಿಕಾದಿಂದ ಆಗಬೇಕಾದ್ದೇನಿಲ್ಲ. ಹಾಗಾದರೆ ಡಯಾಟಮ್ ಅದನ್ನು ಸೋಲಿಸುವುದು ಯಾವುದರಲ್ಲಿ? ಜಾಗದಲ್ಲೋ, ಬೆಳಕಿನಲ್ಲೋ, ಇನ್ನಾವುದೋ ಲೇಶಮಾತ್ರದ ಲೋಹದಲ್ಲೋ? ಬಣ್ಣ ನೋಡಿ ಹೇಳಲಾಗದು, ಎರಡೂ ಕಂದೇ. ಇನ್ನು ಮೇಲೆ ಮರಳನ್ನು ಮುಂದಿನ ಗಾಜಿನ ಹತ್ತಿರ, ನಡುವೆ, ಕಲ್ಲಿನ ನೆರಳಲ್ಲಿ ಬೇರೆ ಬೇರೆಯಾಗಿ ತೆಗೆದು, ಒಂದೊಂದು ಹನಿಯಲ್ಲೂ ಚಿಪ್ಪಿನವು ಎಷ್ಟು, ಕೊಕ್ಕಿನವು ಎಷ್ಟು ಎಂದು ಎಣಿಸಬೇಕು. ನೆರಳಿನ ಮರಳಿನಲ್ಲಿ ಚಿಪ್ಪು ಹೆಚ್ಚಿದರೆ ಬೆಳಕಿನ ಊಹೆ ಬಿಟ್ಟೇಬಿಡುತ್ತೇನೆ.