ಬಚ್ಚಿಟ್ಟ ಎಕ್ಕಗಳು

ಮೇಜಿನ ಮೇಲೆ ಬಂದು ಬಿದ್ದ ಎರಡು ಎಲೆಗಳ ಮೂಲೆಯನ್ನು ಹೆಬ್ಬೆರಳಿನಿಂದ ಒಂದಿಷ್ಟೇ ಎತ್ತಿ ನೋಡಿದಾಗ ಇಸ್ಪೀಟ್ ಎಕ್ಕ, ಅದರ ಬೆನ್ನಿಗೇ ಆಟೀನ್ ಎಕ್ಕ ಕಂಡರೆ ಆಗುವ ಸುಖಕ್ಕೆ ಪೋಕರ್‌ನಲ್ಲಿ ಸಾಟಿಯಿಲ್ಲ. 52 ಎಲೆಗಳಿಂದ ಎರಡೆರಡರಂತೆ 1,326 ಜೋಡಿ ಹುಟ್ಟುತ್ತವೆ. ಅವುಗಳಲ್ಲಿ ಎಕ್ಕದ ಜೋಡಿ ಬರೀ ಆರು. ಅಂದರೆ 221 ಕೈಗೆ ಒಂದು ಸಲ. ಗಂಟೆಗೆ ಮೂವತ್ತು ಕೈ ಹಂಚುವ ಮೇಜಾದರೆ ಸರಾಸರಿ ಏಳು ಗಂಟೆಗೂ ಮೀರಿ ಕಾಯಬೇಕು. ಇಷ್ಟು ಕಾಯಿಸಿ ಬಂದದ್ದನ್ನು ಎಷ್ಟೋ ಆಟಗಾರರು ಏನು ಮಾಡುತ್ತಾರೆ? ಬಚ್ಚಿಡುತ್ತಾರೆ. ರೇಸ್ ಮಾಡದೆ, ಅಂದರೆ ಪಣ ಏರಿಸದೆ, ಕಡ್ಡಾಯ ಪಣವಾದ ಬಿಗ್ ಬ್ಲೈಂಡಿನಷ್ಟೇ ಚಿಪ್ ಮುಂದೆ ತಳ್ಳಿ ಲಿಂಪ್ ಮಾಡಿ, ಕೈಯಲ್ಲಿ ಏನೂ ಇಲ್ಲದವರ ಹಾಗೆ ಕೂರುತ್ತಾರೆ. ಇದಕ್ಕೆ ಅವರು ಇಟ್ಟುಕೊಂಡ ಹೆಸರು ಬಲೆ. ನನ್ನ ತಕರಾರು ಈ ಬಲೆಯ ಮೇಲೆ.

ಈ ಚಾಳಿಯ ಮೂಲ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಕಡೆಯ ಎಷ್ಟೋ ಜನ ಯುಗಾದಿ, ದೀಪಾವಳಿಗಳಲ್ಲಿ ಮೂರೆಲೆ ಆಡಿ ಕೈ ಪಳಗಿಸಿಕೊಂಡೇ ಪೋಕರ್‌ಗೆ ಬಂದವರು. ಮೂರೆಲೆಯಲ್ಲಿ ಹಂಚಿದ ಎಲೆ ಕೊನೆಯವರೆಗೂ ಅವೇ. ಮೂರು ಎಕ್ಕ ಹಿಡಿದವನು ಎಷ್ಟು ಹೊತ್ತು ತೆಪ್ಪಗಿದ್ದರೂ ಎದುರಿನವನ ಕೈ ಬೆಳೆಯುವುದಿಲ್ಲ, ಹಾಗಾಗಿ ತೆಪ್ಪಗಿರುವುದು ಅಲ್ಲಿ ಜಾಣತನ. ನಾನು ಹೇಳುತ್ತಿರುವ ಪೋಕರ್ ಬಗೆಯಾದ ಹೋಲ್ಡೆಮ್‌ನಲ್ಲಿ ಇನ್ನೂ ಐದು ಎಲೆ ಬಿಚ್ಚುವುದಿದೆ, ಆ ಐದೂ ಎಲ್ಲರ ಸ್ವತ್ತು; ಮೊದಲು ಬಿಚ್ಚುವ ಮೂರಕ್ಕೆ ಫ್ಲಾಪ್ ಎಂದು ಹೆಸರು. ಎದುರಿಗೆ ಒಬ್ಬನೇ ಇದ್ದು, ಅವನ ಕೈಯಲ್ಲಿ ಯಾವುದೋ ಎರಡು ಎಲೆ ಇದ್ದರೆ ಎಕ್ಕದ ಜೋಡಿ ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಇಬ್ಬರಾದರೆ 73, ನಾಲ್ವರಾದರೆ 56ರ ಆಸುಪಾಸು. ಎಂಟು ಜನ ಕೊನೆಯವರೆಗೂ ಉಳಿದರೆ ಸುಮಾರು 35. ಅದೇ ಎರಡು ಎಕ್ಕ. ಜನರನ್ನು ಒಳಗೆ ಬಿಟ್ಟುಕೊಂಡಷ್ಟೂ ಸೊರಗುತ್ತವೆ.

ಲೆಕ್ಕ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ, ಅದು ತೂಕವಿರುವ ಆಕ್ಷೇಪವೇ. ನಾಲ್ವರು ಎದುರಾಳಿಗಳಿದ್ದರೆ ಪಾಟ್, ಅಂದರೆ ನಡುವೆ ಕೂಡುವ ಪಣ, ಐದು ಪಾಲಿನದು. ಅದರಲ್ಲಿ ನೂರಕ್ಕೆ 56 ಎಂದರೆ, ಎರಡು ಪಾಲಿನ ಪಾಟ್‌ನಲ್ಲಿ 85 ಸಿಕ್ಕುವುದಕ್ಕಿಂತ ಹೆಚ್ಚೇ ಅಲ್ಲವೇ? ಹೆಚ್ಚು, ಒಪ್ಪಿದೆ. ಆದರೆ ಐವರೂ ಫ್ಲಾಪ್‌ಗೆ ಮೊದಲೇ ಇರುವುದೆಲ್ಲವನ್ನೂ ಒಡ್ಡಿದ್ದರೆ ಮಾತ್ರ. ಲಿಂಪ್ ಮಾಡಿದ ಪಾಟ್‌ನಲ್ಲಿ ಪ್ರತಿಯೊಬ್ಬನೂ ಹಾಕಿರುವುದು ಒಂದು ಬಿಗ್ ಬ್ಲೈಂಡ್. ಆ ಹೊತ್ತಿಗೆ ಎಕ್ಕದವನ ಕೈಯೇ ಮೇಲು, ಸರಿ, ಪಣ ಮಾತ್ರ ಚಿಲ್ಲರೆ. ದೊಡ್ಡ ಮೊತ್ತ ಒಳಗೆ ಹೋಗುವುದು ಫ್ಲಾಪ್ ಬಿಚ್ಚಿದ ಮೇಲೆ. ಆಟೀನ್ ಒಂಬತ್ತು, ಆಟೀನ್ ಎಂಟು, ಕಳಾವರ್ ಆರು ಬಿತ್ತೆನ್ನಿ. ಬಿಗ್ ಬ್ಲೈಂಡಿನಲ್ಲಿ ಕೂತವನ ಕೈಯಲ್ಲಿ ಬೇರೆ ಬೇರೆ ಜಾತಿಯ ಏಳು-ಐದು. ಮೂರು ಪಟ್ಟು ರೇಸ್ ಬಂದಿದ್ದರೆ ಎಸೆದುಬಿಡುತ್ತಿದ್ದ ಎಲೆಗಳು; ಯಾರೂ ಏರಿಸದ್ದರಿಂದ ಒಂದು ಚಿಪ್ಪೂ ಹೆಚ್ಚಿಗೆ ಕೊಡದೆ ಒಳಗಿದ್ದಾನೆ. ಐದರಿಂದ ಒಂಬತ್ತರವರೆಗೆ ಸಾಲು ಅವನಿಗೆ ಸಿದ್ಧವಾಗಿದೆ. ತಾನು ಎಲ್ಲಿದ್ದೇನೆಂದು ಅವನಿಗೆ ಗೊತ್ತು, ಎಕ್ಕದವನಿಗೆ ಗೊತ್ತಿಲ್ಲ. ಬಲೆ ಹಾಕಿದವನೇ ಬಲೆಯೊಳಗೆ. ನನ್ನನ್ನು ನಿಜಕ್ಕೂ ರೇಗಿಸುವುದು ಆಮೇಲಿನ ಗೋಳಾಟ: ಎಕ್ಕ ಇಟ್ಟುಕೊಂಡೂ ಸೋತೆ, ನನ್ನ ಹಣೆಬರಹವೇ ಇಷ್ಟು ಎಂಬ ಮಾತು. ಹಣೆಬರಹವನ್ನು ಬೈಯುವ ಹಕ್ಕು ಏರಿಸಿ ಸೋತವನಿಗಿದೆ. ಬಾಗಿಲು ತೆರೆದಿಟ್ಟು ಮಲಗಿದವನಿಗಿಲ್ಲ.

ಏರಿಸಿದರೆ ಎಲ್ಲರೂ ಎಲೆ ಎಸೆದು, ಬರೀ ಬ್ಲೈಂಡ್ ಸಿಕ್ಕುತ್ತದಲ್ಲ ಎಂಬುದು ಇನ್ನೊಂದು ವಾದ. ಟೂರ್ನಮೆಂಟಿನಲ್ಲಿ ಬ್ಲೈಂಡ್ ಆಗಾಗ ಏರುತ್ತಲೇ ಇರುವಂಥದ್ದು, ಅದನ್ನು ಬರೀ ಎನ್ನುವುದು ಹೇಗೆ? ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್, ಜೊತೆಗೆ ಒಂದು ಬಿಗ್ ಬ್ಲೈಂಡಿನಷ್ಟು ಆಂಟಿ ಸೇರಿದರೆ ಎರಡೂವರೆ ಬ್ಲೈಂಡ್. ಇಪ್ಪತ್ತು ಬ್ಲೈಂಡ್ ಉಳಿಸಿಕೊಂಡವನಿಗೆ ಅದು ಇದ್ದ ಬಂಡವಾಳದ ಎಂಟನೇ ಒಂದು ಪಾಲು, ಅದೂ ಫ್ಲಾಪ್ ನೋಡುವ ಆತಂಕವಿಲ್ಲದೆ. ಏರಿಸಿದಾಗಲೆಲ್ಲ ಮೇಜು ಖಾಲಿಯಾಗುತ್ತಿದ್ದರೆ ದೋಷ ಏರಿಸುವುದರದ್ದಲ್ಲ. ಎಕ್ಕ ಬಂದಾಗಷ್ಟೇ ಏರಿಸುವ ಅಭ್ಯಾಸದ್ದು. ಎಕ್ಕ-ರಾಜ, ಹತ್ತರ ಜೋಡಿ, ಒಂದೇ ಜಾತಿಯ ರಾಜ-ರಾಣಿ ಇವಕ್ಕೂ ಅದೇ ಅಳತೆಯಲ್ಲಿ ಏರಿಸುತ್ತಿದ್ದರೆ ಎದುರಿನವರಿಗೆ ಜಾಡು ಸಿಕ್ಕುವುದಿಲ್ಲ. ಹಿಂದೆ ಕೂತವನು ಪ್ರತಿ ಲಿಂಪನ್ನೂ ಹೊಡೆದೋಡಿಸುವ ಮುಂಗೋಪಿಯಾಗಿದ್ದರೆ ಬಚ್ಚಿಡುವುದಕ್ಕೆ ಅರ್ಥವಿದೆ, ಅಷ್ಟನ್ನು ಬಿಟ್ಟುಕೊಡುತ್ತೇನೆ.

ಎಕ್ಕ-ರಾಜದ ಮಾತು ಬಂತು. ಅದನ್ನು ಗೆದ್ದಾಗಿದೆ ಎಂಬಂತೆ ಆಡುವವರು ನೆನಪಿಡಬೇಕಾದದ್ದು: ರಾಣಿ ಜೋಡಿಯ ಎದುರು ಅದು ನೂರಕ್ಕೆ 43 ಅಷ್ಟೇ. ಅದರ ಬಲವೆಲ್ಲ ಮೊದಲು ಒಡ್ಡುವುದರಲ್ಲಿದೆ. ಆಲ್-ಇನ್ ಎಂದವನು ಎದುರಿನವನು ಹೆದರಿ ಎಸೆದರೂ ಗೆಲ್ಲುತ್ತಾನೆ, ಎಲೆ ಬಿದ್ದರೂ ಗೆಲ್ಲಬಹುದು; ಒಪ್ಪಿಕೊಂಡು ಒಳಗೆ ಬಂದವನಿಗೆ ಎರಡನೆಯ ದಾರಿಯೊಂದೇ. ಕೈಯಲ್ಲಿ ಒಂದು ಎಕ್ಕ, ಒಂದು ರಾಜ ಇರುವುದರಿಂದ ಎದುರಾಳಿಗೆ ಎಕ್ಕದ ಜೋಡಿ ಬರುವ ಬಗೆ ಆರರಿಂದ ಮೂರಕ್ಕೆ ಇಳಿಯುತ್ತದೆ, ರಾಜನ ಜೋಡಿಯದೂ ಹಾಗೆಯೇ; ಹಾಗಾಗಿ ಮೊದಲು ಒಡ್ಡಿದಾಗ ಎದುರಿನವನು ಎಸೆಯುವ ಸಂಭವವೂ ಹೆಚ್ಚು.

ಇಷ್ಟೆಲ್ಲ ವಾದಿಸಿದ ಮೇಲೂ, ಎಕ್ಕದ ಜೋಡಿಯನ್ನು ಏರಿಸುವುದಿರಲಿ, ಎಸೆದೇಬಿಡಬೇಕಾದ ಒಂದು ಜಾಗವಿದೆ. ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಒಗಟು ಅದೇ. ದೊಡ್ಡ ಟೂರ್ನಮೆಂಟಿನ ಟಿಕೆಟ್ಟನ್ನೇ ಬಹುಮಾನವಾಗಿ ಕೊಡುವ ಸಣ್ಣ ಟೂರ್ನಮೆಂಟುಗಳಿಗೆ ಸ್ಯಾಟಲೈಟ್ ಎನ್ನುತ್ತಾರೆ. ಕ್ರಿಸ್ ಮನಿಮೇಕರ್ ಎಂಬ ಆಟಗಾರ ಅಂಥದ್ದೊಂದರಿಂದಲೇ 2003ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಗೆ ಬಂದು, 839 ಜನರ ನಡುವೆ ಗೆದ್ದು 25 ಲಕ್ಷ ಡಾಲರ್ ಪಡೆದ. ಈಗ ಒಂದು ಸ್ಯಾಟಲೈಟ್‌ನಲ್ಲಿ ಹತ್ತು ಟಿಕೆಟ್ ಇವೆ, ಹನ್ನೊಂದು ಜನ ಉಳಿದಿದ್ದಾರೆ ಎನ್ನಿ. ಮೊದಲನೆಯವನಿಗೂ ಹತ್ತನೆಯವನಿಗೂ ಸಿಕ್ಕುವುದು ಒಂದೇ ಟಿಕೆಟ್. ಮೂಲೆಯಲ್ಲೊಬ್ಬ ಒಂದೇ ಬ್ಲೈಂಡ್ ಉಳಿಸಿಕೊಂಡು ಕೂತಿದ್ದಾನೆ. ಚಿಪ್ಪಿನಲ್ಲಿ ಎರಡನೆಯ ಸ್ಥಾನದಲ್ಲಿರುವವನಿಗೆ ಎಕ್ಕದ ಜೋಡಿ ಬರುತ್ತದೆ, ಅವನಿಗಿಂತ ಹೆಚ್ಚು ಚಿಪ್ ಇರುವ ಒಬ್ಬನೇ ಒಬ್ಬ ಆಲ್-ಇನ್ ಎನ್ನುತ್ತಾನೆ. ಗೆದ್ದರೆ ಇನ್ನೊಂದು ಟಿಕೆಟ್ ಸಿಕ್ಕುವುದಿಲ್ಲ. ಸೋತರೆ, ನೂರಕ್ಕೆ ಹದಿನೈದು ಸಲವಾದರೂ, ಕೈಯಲ್ಲಿದ್ದದ್ದೇ ಹೋಗುತ್ತದೆ. ಆ ಎರಡು ಎಕ್ಕಗಳನ್ನು ಮುಖ ತೋರಿಸದೆ ಡೀಲರ್ ಕಡೆಗೆ ಜಾರಿಸಿ, ಮೂಲೆಯವನ ಬ್ಲೈಂಡ್ ಬರುವುದನ್ನೇ ಕಾಯುತ್ತಾ ಕೂರುವವನು ಸಿಕ್ಕಿದರೆ, ಅವನ ಪಕ್ಕದ ಕುರ್ಚಿಯಲ್ಲಿ ಕೂತು ಇಡೀ ರಾತ್ರಿ ಆಟ ನೋಡಲು ನಾನು ಸಿದ್ಧ.